ಕೂತರೂ ಕೂಡದ ಪ್ರೊಸೆಸರ್

ದಾವಣಗೆರೆ ತಾಲ್ಲೂಕಿನ ಹದಡಿಯಂತಹ ಊರುಗಳ ಜೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರಗಳಲ್ಲಿ ದುಡಿಯುವ ಡೆಸ್ಕ್‌ಟಾಪ್‌ಗೆ ವಯಸ್ಸಾದಾಗ, ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಸಾಲದೇ ಎಂಬ ಯೋಚನೆ ಮೊದಲು ಬರುವುದು ಸಹಜ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದರಿಂದಲೂ, ವಿಂಡೋಸ್ 11 ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ ಬಹುಮಟ್ಟಿಗೆ 8ನೇ ಪೀಳಿಗೆಯಿಂದ ಆರಂಭವಾಗುವುದರಿಂದಲೂ ಆ ಯೋಚನೆಗೆ ಈಗ ಅವಸರವೂ ಸೇರಿಕೊಂಡಿದೆ.

ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಚೌಕಾಕಾರದ ನೆಲೆಯೇ ಸಾಕೆಟ್. ಬೋರ್ಡಿನ ಸಂಪರ್ಕಗಳನ್ನು ನಿರ್ವಹಿಸುವ ಚಿಪ್‌ಸೆಟ್ ಎಚ್‌110 ಆಗಿರುವ ಹಳೆಯ ಬೋರ್ಡಿನಲ್ಲಿರುವುದು 2015ರಲ್ಲಿ ಬಂದ ಎಲ್‌ಜಿಎ 1151 ಸಾಕೆಟ್. 2017ರಲ್ಲಿ ಬಂದ 8ನೇ ಪೀಳಿಗೆಯ ಐ5-8400 ಪ್ರೊಸೆಸರ್‌ನ ಸಾಕೆಟ್ಟಿಗೂ ಅದೇ ಹೆಸರು, ಮತ್ತು ಅದು ಈ ಬೋರ್ಡಿನಲ್ಲಿ ಸಲೀಸಾಗಿ ಕೂರುತ್ತದೆ ಕೂಡ, ಆದರೆ ಪರದೆಯ ಮೇಲೆ ಡಿಸ್‌ಪ್ಲೇ ಬರುವುದಿಲ್ಲ. ಕೋರ್‌ಗಳ ಸಂಖ್ಯೆ ಹೆಚ್ಚಿದ್ದರಿಂದ, ಮೊದಲು ಕಾಯ್ದಿರಿಸಿದ್ದ ಕೆಲವು ಪಿನ್ನುಗಳನ್ನು ಇಂಟೆಲ್ ವಿದ್ಯುತ್ ಪೂರೈಕೆಗೆ ಬಳಸಿಕೊಂಡು, ಚಿಪ್‌ಸೆಟ್ 300ರ ಸರಣಿಯದೇ ಆಗಿರಬೇಕೆಂದು ವಿಧಿಸಿತು. ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್ ಅನ್ನು ತಿದ್ದಿ ಹಾಕಿ ಈ ಜೋಡಿಯನ್ನು ಓಡಿಸಿ ತೋರಿಸಿದ ಹವ್ಯಾಸಿಗಳು ಇದ್ದಾರೆ. ಅಂಗಡಿಯ ಅನ್ನ ಹುಟ್ಟಿಸುವ ಯಂತ್ರದ ಮೇಲೆ ಮಾಡತಕ್ಕ ಪ್ರಯೋಗ ಅದಲ್ಲ. ಅದೇ ಬೋರ್ಡಿಗೆ ಹೊಂದುವ 7ನೇ ಪೀಳಿಗೆಯ ಐ7-7700 ವೇಗವನ್ನೇನೋ ಕೊಡುತ್ತದೆ, ಆದರೆ ವಿಂಡೋಸ್ 11ರ ಪಟ್ಟಿಯಲ್ಲಿ ಅದರ ಹೆಸರಿಲ್ಲ.

ಎಎಂಡಿಯ ಎಎಂ4 ಸಾಕೆಟ್ ಈ ವಿಷಯದಲ್ಲಿ ಹೆಚ್ಚು ಉದಾರವಾದುದು. 2018ರ ಬಿ450 ಬೋರ್ಡಿಗೆ 2020ರ ರೈಜೆನ್ 5000 ಸರಣಿಯ ಪ್ರೊಸೆಸರ್ ಹಾಕಬಹುದಾದರೂ, ಬಯಾಸ್ ಅನ್ನು ಸಾಮಾನ್ಯವಾಗಿ ಹಳೆಯ ಪ್ರೊಸೆಸರ್ ಇರುವಾಗಲೇ ಪರಿಷ್ಕರಿಸಿಕೊಳ್ಳಬೇಕು. ಪರಿಷ್ಕರಣೆಯ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದಾದ್ದರಿಂದ ಯುಪಿಎಸ್ ಇಲ್ಲದ ಕಡೆ ಇದಕ್ಕೆ ಕೈಹಾಕದಿರುವುದು ಒಳ್ಳೆಯದು.

ಹೀಗಾಗಿ ಕೊನೆಯ ಮಾತು ಬೋರ್ಡ್ ತಯಾರಕರ ಪಟ್ಟಿಯದು, ಮಾರುವವರದಲ್ಲ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಬೋರ್ಡಿನ ಪೂರ್ಣ ಹೆಸರು ಮತ್ತು ಬಯಾಸ್ ಆವೃತ್ತಿಯನ್ನು ನೋಡಿ, ಬೋರ್ಡಿನ ಮೇಲೆ ಅಚ್ಚಾಗಿರುವ ರಿವಿಷನ್ ಸಂಖ್ಯೆಯನ್ನೂ ಗುರುತುಹಾಕಿಕೊಂಡು, ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಪುಟ ತೆರೆದರೆ ಯಾವ ಪ್ರೊಸೆಸರ್‌ಗೆ ಯಾವ ಬಯಾಸ್ ಬೇಕೆಂಬುದು ಸಾಲುಸಾಲಾಗಿ ಸಿಗುತ್ತದೆ. ಪ್ರೊಸೆಸರ್‌ನ ವ್ಯಾಟ್ ಅಳತೆಯನ್ನೂ ಗಮನಿಸಬೇಕು. 65 ವ್ಯಾಟ್‌ನದಕ್ಕೆ ಸಾಕಾಗುವ ಅಗ್ಗದ ಬೋರ್ಡ್, ಫ್ಯಾನ್ ಮತ್ತು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ 125 ವ್ಯಾಟ್‌ನದರ ಮುಂದೆ ಸೋಲಬಹುದು.

ಬೇಕಾದ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದಿದ್ದರೆ ಬೋರ್ಡನ್ನೂ ಬದಲಿಸದೆ ಗತ್ಯಂತರವಿಲ್ಲ. ಆಗಲೂ 12ನೇ ಪೀಳಿಗೆಯ ಎಲ್‌ಜಿಎ 1700 ಬೋರ್ಡುಗಳು ಡಿಡಿಆರ್4, ಡಿಡಿಆರ್5 ಎಂಬ ಎರಡು ಬಗೆಯ ರ್‍ಯಾಮ್‌ಗೂ ಪ್ರತ್ಯೇಕವಾಗಿ ದೊರೆಯುವುದರಿಂದ, ಹಳೆಯ ಯಂತ್ರದಲ್ಲಿ ಡಿಡಿಆರ್4 ಇದ್ದವರು ಆ ಬಗೆಯ ಬೋರ್ಡನ್ನೇ ಕೇಳಿ ಪಡೆದರೆ ರ್‍ಯಾಮ್‌ನ ಖರ್ಚಾದರೂ ಉಳಿಯುತ್ತದೆ.