ವಾಹಿನಿ ಬದಲಿಸಿದ ಕಾರ್ಯಕ್ರಮ: ಹೋಗುವುದೇನು, ಉಳಿಯುವುದೇನು?

ಜನಪ್ರಿಯವಾದ ಟೆಲಿವಿಷನ್ ಕಾರ್ಯಕ್ರಮವೊಂದು ತಾನು ಮೊದಲು ಕಾಣಿಸಿಕೊಂಡ ವಾಹಿನಿಯನ್ನು ಬಿಟ್ಟು ಅದರ ಪ್ರತಿಸ್ಪರ್ಧಿಯ ಪಾಲಾಗುವುದನ್ನು ನಾವು ಸಾಮಾನ್ಯವಾಗಿ ವ್ಯಾಪಾರದ ಸುದ್ದಿಯೆಂದು ಓದಿ ಮರೆಯುತ್ತೇವೆ. ಆದರೆ ಭಾಷೆಯ ಅಭ್ಯಾಸಿಗಳು ಅಲಕ್ಷಿಸಲಾಗದ ಪ್ರಶ್ನೆಯೊಂದು ಇದರಲ್ಲಿ ಅಡಗಿದೆ. ಕಾರ್ಯಕ್ರಮವು ಹೊರಟುಹೋದಾಗ ನಿಜವಾಗಿ ಹೋಗುವುದೇನು? ಉಳಿಯುವುದೇನು? ಉಳಿದುದನ್ನು ಕಾಪಾಡುವವರು ಯಾರು? ಈ ಮೂರು ಮಾತುಗಳನ್ನು ಕನ್ನಡದ ಉದಾಹರಣೆಗಳ ಮೂಲಕ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಂಗತಿಗಳನ್ನು ನೋಡೋಣ. ‘ಬಿಗ್ ಬಾಸ್’ ಕನ್ನಡದ ಮೊದಲನೆಯ ಆವೃತ್ತಿಯು 2013ರ ಮಾರ್ಚಿಯಿಂದ ಜೂನ್‌ವರೆಗೆ ಈಟಿವಿ ಕನ್ನಡದಲ್ಲಿ ಪ್ರಸಾರವಾಯಿತು. ಮರುವರ್ಷ, ಅಂದರೆ 2014ರಲ್ಲಿ, ಎರಡನೆಯ ಆವೃತ್ತಿಯು ಪ್ರತಿಸ್ಪರ್ಧಿಯಾದ ಸುವರ್ಣ ವಾಹಿನಿಯಲ್ಲಿ ಕಾಣಿಸಿಕೊಂಡಿತು. 2015ರಲ್ಲಿ ಮೂರನೆಯ ಆವೃತ್ತಿಯು ಹಿಂದಿನ ಮನೆಗೇ ಮರಳಿತು. ಅಷ್ಟರಲ್ಲಿ ಆ ಮನೆಯ ಹೆಸರು ಕಲರ್ಸ್ ಕನ್ನಡವೆಂದು ಬದಲಾಗಿತ್ತು. ಮೂರು ವರ್ಷಗಳಲ್ಲಿ ಎರಡು ಸಲ ಸ್ಥಳಾಂತರವಾದರೂ ನಿರೂಪಕರು ಬದಲಾಗಲಿಲ್ಲ. ಮೂರು ಆವೃತ್ತಿಗಳನ್ನೂ ನಡೆಸಿಕೊಟ್ಟವರು ನಟ ಸುದೀಪ್ ಅವರೇ.

ಹಾಗಾದರೆ ಈ ಕಾರ್ಯಕ್ರಮದ ಒಡೆಯರು ಯಾರು? ವಾಹಿನಿಯಲ್ಲವೆಂಬುದು ಸ್ಪಷ್ಟ. 1999ರಲ್ಲಿ ನೆದರ್‌ಲೆಂಡ್ಸ್ ದೇಶದಲ್ಲಿ ‘ಬಿಗ್ ಬ್ರದರ್’ ಎಂಬ ಹೆಸರಿನಿಂದ ಹುಟ್ಟಿದ ಈ ಚೌಕಟ್ಟು ಎಂಡೆಮಾಲ್ ಸಂಸ್ಥೆಯ ಸೊತ್ತಾಗಿತ್ತು. ವಾಹಿನಿಯು ಅದನ್ನು ಕರಾರಿನ ಮೇಲೆ, ಗೊತ್ತಾದ ಅವಧಿಗೆ ಪಡೆಯುತ್ತದೆ. ಗೇಣಿಗೆ ಪಡೆದ ಗದ್ದೆಯಲ್ಲಿ ಬೆಳೆ ಎಷ್ಟೇ ಹುಲುಸಾಗಿ ಬಂದರೂ ಗದ್ದೆ ಒಕ್ಕಲಿನದಾಗದು. ಇಲ್ಲಿಯ ನ್ಯಾಯವೂ ಅದೇ.

ಇಲ್ಲೊಂದು ಸಂದೇಹ ಏಳಬಹುದು. ಕೆಲವು ಮಂದಿಯನ್ನು ಒಂದು ಮನೆಯಲ್ಲಿ ಕೂಡಿಹಾಕಿ ಅವರ ದಿನಚರಿಯನ್ನು ತೋರಿಸುವ ಕಲ್ಪನೆಗೆ ಒಡೆತನವಾದರೂ ಹೇಗೆ ಸಾಧ್ಯ? ಸಂದೇಹ ನ್ಯಾಯವಾದುದೇ. ಕೃತಿಸ್ವಾಮ್ಯದ ಕಾಯಿದೆಯು ಬರಿಯ ಕಲ್ಪನೆಯನ್ನು ರಕ್ಷಿಸದು, ಅದರ ಅಭಿವ್ಯಕ್ತಿಯನ್ನು ಮಾತ್ರ ರಕ್ಷಿಸುತ್ತದೆಯೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್. ಜಿ. ಆನಂದ್ ಅವರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. 1989ರಲ್ಲಿ ಹ್ಯೂಯಿ ಗ್ರೀನ್ ಎಂಬ ನಿರೂಪಕನು ನ್ಯೂಜಿಲೆಂಡಿನ ಪ್ರಸಾರ ಸಂಸ್ಥೆಯ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಲಂಡನಿನ ಪ್ರಿವಿ ಕೌನ್ಸಿಲ್ಲು ಕಾರ್ಯಕ್ರಮದ ಚೌಕಟ್ಟಿಗೆ ಕೃತಿಸ್ವಾಮ್ಯವನ್ನು ನಿರಾಕರಿಸಿತು. ಹೀಗಿದ್ದರೂ ವಾಹಿನಿಗಳು ಹಣ ತೆತ್ತು ಅನುಮತಿ ಪಡೆಯುವುದೇಕೆಂದರೆ, ಅವಕ್ಕೆ ಬೇಕಾಗಿರುವುದು ಕಲ್ಪನೆಯೊಂದೇ ಅಲ್ಲ. ಹೆಸರು, ಲಾಂಛನ, ಸಂಗೀತ, ರಂಗಸಜ್ಜಿಕೆ, ಬೇರೆ ದೇಶಗಳಲ್ಲಿ ನಡೆಸಿ ಪಡೆದ ಅನುಭವವನ್ನು ದಾಖಲಿಸಿದ ಕೈಪಿಡಿ, ಇವೆಲ್ಲ ಕೂಡಿದ ಸಿದ್ಧ ವಸ್ತುವನ್ನು ಅವು ಕೊಳ್ಳುತ್ತವೆ.

ಚೌಕಟ್ಟು ಒಬ್ಬರದು, ನಿರೂಪಕನ ಕರಾರು ಇನ್ನೊಂದು. ಇವೆರಡೂ ಬೇರೆಬೇರೆಯಾಗಿ ಚಲಿಸಬಲ್ಲವೆಂಬುದಕ್ಕೆ ‘ಕನ್ನಡದ ಕೋಟ್ಯಧಿಪತಿ’ ನಿದರ್ಶನ. 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಆರಂಭವಾದ ಇದನ್ನು ಮೊದಲೆರಡು ಆವೃತ್ತಿಗಳಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟರು. 2018ರಲ್ಲಿ ವಾಹಿನಿಯು ಅದೇ ಇದ್ದು ನಿರೂಪಕರು ಬದಲಾದರು. ರಮೇಶ್ ಅರವಿಂದ್ ಬಂದರು. 2019ರಲ್ಲಿ ಕಾರ್ಯಕ್ರಮವು ಕಲರ್ಸ್ ಕನ್ನಡಕ್ಕೆ ಹೋಯಿತು; ಅಲ್ಲಿ ಪುನೀತ್ ಮರಳಿ ಆ ಪೀಠದಲ್ಲಿ ಕುಳಿತರು. ಇದರ ಮೂಲವಾದ ಬ್ರಿಟಿಷ್ ಕಾರ್ಯಕ್ರಮ ಹುಟ್ಟಿದ್ದು 1998ರಲ್ಲಿ. ಹಿಂದಿಯ ‘ಕೌನ್ ಬನೇಗಾ ಕರೋಡ್‌ಪತಿ’ಯು 2000ದಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಆರಂಭವಾಗಿ 2010ರಲ್ಲಿ ಸೋನಿ ವಾಹಿನಿಗೆ ಹೋಯಿತು, ಚೌಕಟ್ಟಿನ ಹಕ್ಕುಳ್ಳ ಸಂಸ್ಥೆಯು 2008ರಲ್ಲಿಯೇ ಸೋನಿ ಸಮೂಹದ ಕೈಸೇರಿತ್ತೆಂಬುದು ಗಮನಾರ್ಹ. ನಿರೂಪಕರು ಜೊತೆಗೆ ಹೋಗಲೊಲ್ಲದ ಪ್ರಸಂಗವೂ ಉಂಟು. ಬ್ರಿಟನ್ನಿನ ಅಡುಗೆಯ ಸ್ಪರ್ಧೆ ‘ಗ್ರೇಟ್ ಬ್ರಿಟಿಷ್ ಬೇಕ್ ಆಫ್’ ಬಿಬಿಸಿಯನ್ನು ಬಿಟ್ಟು 2017ರಲ್ಲಿ ಚಾನೆಲ್ ಫೋರ್‌ನಲ್ಲಿ ಆರಂಭವಾದಾಗ ಇಬ್ಬರು ನಿರೂಪಕಿಯರೂ ತೀರ್ಪುಗಾರರಲ್ಲೊಬ್ಬರಾದ ಮೇರಿ ಬೆರಿಯವರೂ ಹಿಂದೆ ಉಳಿದರು. ಪಾಲ್ ಹಾಲಿವುಡ್ ಮಾತ್ರ ಮುಂದೆ ಹೋದರು.

ನಮ್ಮ ಕರಾವಳಿಯ ಯಕ್ಷಗಾನ ಮೇಳಗಳ ಪದ್ಧತಿಯೊಡನೆ ಇದನ್ನು ಹೋಲಿಸಿದರೆ ಭೇದ ಇನ್ನೂ ಸ್ಫುಟವಾಗುತ್ತದೆ. ಒಂದು ವರ್ಷದ ತಿರುಗಾಟ ಮುಗಿದ ಮೇಲೆ ಕಲಾವಿದನು ಬೇರೊಂದು ಮೇಳವನ್ನು ಸೇರುವುದು ಅಲ್ಲಿ ಹೊಸತಲ್ಲ. ಆದರೆ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಮಾಯಣ ಪ್ರಸಂಗಗಳನ್ನು ಯಾವ ಮೇಳವೂ ಆಡಬಹುದು. ಹಳೆಯ ಪ್ರಸಂಗವು ಎಲ್ಲರ ಸೊತ್ತು. ಟೆಲಿವಿಷನ್ನಿನಲ್ಲಿ ಹಾಗಲ್ಲ. ಇಲ್ಲಿ ಕಲಾವಿದನಂತೆ ಪ್ರಸಂಗವೂ ಕರಾರಿಗೆ ಒಳಪಟ್ಟು ಒಂದು ಮೇಳದಿಂದ ಇನ್ನೊಂದಕ್ಕೆ ಹೋಗುತ್ತದೆ. ಬಿಟ್ಟ ಮೇಳ ಅದನ್ನು ಆಡುವಂತಿಲ್ಲ.

ಇನ್ನು ನೋಡುವವನ ಕಡೆಯಿಂದ ವಿಚಾರಿಸೋಣ. ಪೊನ್ನಂಪೇಟೆಯಿಂದ ಶ್ರೀಮಂಗಲ, ಕುಟ್ಟಗಳ ಕಡೆಗೆ ಹೋಗುವ ದಾರಿಯಲ್ಲಿರುವ ದಕ್ಷಿಣ ಕೊಡಗಿನ ಹುದಿಕೇರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಾಫಿ ತೋಟ, ಗದ್ದೆಗಳ ನಡುವೆ ಮನೆಗಳು ಚದರಿರುವ ಇಂಥ ಸೀಮೆಯಲ್ಲಿ ಮನೆಮನೆಗೂ ತಂತಿ ಎಳೆಯುವುದು ದುಸ್ಸಾಧ್ಯ. ಉಪಗ್ರಹದಿಂದ ನೇರವಾಗಿ ಪಡೆಯುವ ಡಿಶ್ ಇಲ್ಲಿಗೆ ಒಗ್ಗುವ ಸಾಧನ. ಅದಕ್ಕೆ ಬಳಸುವ ಅಧಿಕ ಆವೃತ್ತಿಯ ಅಲೆಗಳನ್ನು ದಟ್ಟವಾದ ಮಳೆ ಕುಗ್ಗಿಸುತ್ತದೆ. ಬಿಗ್ ಬಾಸಿನ ಮೊದಲ ಆವೃತ್ತಿ ಬಹುಪಾಲು ಬೇಸಗೆಯಲ್ಲಿ ನಡೆಯಿತು. ಸುವರ್ಣದ ಆವೃತ್ತಿಯು 2014ರ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ, ಮಳೆಗಾಲದುದ್ದಕ್ಕೂ ನಡೆಯಿತು. ವಾಹಿನಿ ಬದಲಾದಾಗ ಕಾಲವೂ ಬದಲಾದರೆ, ಬೆಂಗಳೂರಿನವರಿಗೆ ಅಷ್ಟಾಗಿ ತಟ್ಟದ ವ್ಯತ್ಯಾಸವು ಕೊಡಗಿನವರಿಗೆ ತಟ್ಟುತ್ತದೆ.

ಹಣದ ಮಾತೂ ಇದೆ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ಟ್ರಾಯ್ ನಿಯಮದಂತೆ 100 ವಾಹಿನಿಗಳವರೆಗಿನ ಮೂಲ ಶುಲ್ಕಕ್ಕೆ ತೆರಿಗೆಯನ್ನುಳಿದು 130 ರೂಪಾಯಿಗಳ ಮಿತಿ ಗೊತ್ತಾಯಿತು. ಶುಲ್ಕದ ವಾಹಿನಿಗಳನ್ನು ಬಿಡಿಯಾಗಿ ಇಲ್ಲವೆ ಗುಚ್ಛವಾಗಿ ಆರಿಸಿಕೊಳ್ಳುವ ಹೊಣೆ ಗ್ರಾಹಕನ ಮೇಲೆ ಬಿದ್ದಿತು. ಗುಚ್ಛದಲ್ಲಿ ಸೇರುವ ವಾಹಿನಿಯ ಬಿಡಿ ಬೆಲೆ ತಿಂಗಳಿಗೆ 19 ರೂಪಾಯಿಗಳನ್ನು ಮೀರಬಾರದೆಂದೂ ವಿಧಿಸಲಾಯಿತು. ಕೋಟ್ಯಧಿಪತಿ ವಾಹಿನಿ ಬದಲಿಸಿದುದು ಅದೇ ವರ್ಷ. ಫೆಬ್ರವರಿಯಲ್ಲಿ ಸುವರ್ಣವನ್ನು ಮಾತ್ರ ಆರಿಸಿದ ಮನೆಯೊಂದಿದ್ದರೆ, ಕಾರ್ಯಕ್ರಮವನ್ನು ಹಿಂಬಾಲಿಸಲು ಅದು ಮತ್ತೊಂದು ವಾಹಿನಿಗೂ ಹಣ ತೆರಬೇಕಾಗಿತ್ತು. ಕರಾರಿಗೆ ಸಹಿ ಹಾಕುವವರಲ್ಲಿ ಈ ಮನೆಯವರಿಲ್ಲ. ಅದರ ವೆಚ್ಚದಲ್ಲಿ ಮಾತ್ರ ಅವರಿಗೆ ಪಾಲುಂಟು.

ಇವೆಲ್ಲಕ್ಕಿಂತ ನಮಗೆ ಮುಖ್ಯವಾದುದು ಉಳಿಯುವ ದಾಖಲೆಯ ಪ್ರಶ್ನೆ. ಹುದಿಕೇರಿಯಂಥ ಊರುಗಳಲ್ಲಿ ಕೊಡವ ತಕ್ಕ್, ಯರವ, ಮಲೆಯಾಳಗಳನ್ನು ಮನೆಮಾತಾಗಿ ಉಳ್ಳವರಿದ್ದಾರೆ. ಅವರಿಗೆ ಕನ್ನಡವು ಶಾಲೆ, ಕಚೇರಿಗಳ ಭಾಷೆ. ಆಡುಗನ್ನಡವು ಕಿವಿಗೆ ಬೀಳುವ ದಾರಿಗಳಲ್ಲಿ ಟೆಲಿವಿಷನ್ ಒಂದು. ಸುಮಾರು 100 ದಿನ ಹಲವರು ಒಂದೇ ಸೂರಿನಡಿ ಆಡಿದ ಜಗಳ, ಸಮಾಧಾನ, ಹಾಸ್ಯಗಳ ಮುದ್ರಣವು, ಸಂಕಲನದ ಕತ್ತರಿಗೆ ಒಳಗಾದುದಾದರೂ, ಕಾರ್ಯಕ್ರಮದ ಗುಣಾವಗುಣಗಳೇನೇ ಇರಲಿ, ಭಾಷಾಶಾಸ್ತ್ರಜ್ಞನಿಗೆ ಬೆಲೆಯುಳ್ಳ ಸಾಮಗ್ರಿ. ಅದರ ಗತಿಯೇನು? ಪುಸ್ತಕ ಪ್ರಕಟಿಸಿದವನು 1954ರ ಕಾಯಿದೆಯಂತೆ ಅದರ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕು. ಟೆಲಿವಿಷನ್ ಕಾರ್ಯಕ್ರಮವು ಆ ಕಾಯಿದೆಯ ವ್ಯಾಪ್ತಿಗೆ ಸೇರಿಲ್ಲ. ವಾಹಿನಿಯು ತನ್ನ ಪ್ರಸಾರದ ಮುದ್ರಣವನ್ನು 90 ದಿನ ಇಟ್ಟುಕೊಳ್ಳಬೇಕೆಂಬ ನಿಯಮವುಂಟು. ಆದರೆ ಅದು ದೂರು ಬಂದರೆ ಪರಿಶೀಲಿಸುವುದಕ್ಕೆ ಒದಗುವ ಏರ್ಪಾಡೇ ಹೊರತು ಸಂರಕ್ಷಣೆಯಲ್ಲ. ಕಾರ್ಯಕ್ರಮ ಕೈಬಿಟ್ಟ ಮೇಲೆ ಹಳೆಯ ಕಂತುಗಳನ್ನು ತೋರಿಸಿದರೆ ಪ್ರತಿಸ್ಪರ್ಧಿಗೇ ಪ್ರಚಾರ ದೊರೆಯುವುದರಿಂದ, ಅವನ್ನು ಜೋಪಾನ ಮಾಡಲು ಬಿಟ್ಟ ವಾಹಿನಿಗೆ ಆಸ್ಥೆ ಕಡಿಮೆಯಾಗುವುದು ಸಹಜ. ಒಂದೇ ಹೆಸರಿನ ಕಾರ್ಯಕ್ರಮದ ಚರಿತ್ರೆ ಹೀಗೆ ಎರಡು ಉಗ್ರಾಣಗಳಲ್ಲಿ ಹರಿದುಹಂಚುತ್ತದೆ.

2024ರ ನವೆಂಬರಿನಲ್ಲಿ ಸ್ಟಾರ್ ಇಂಡಿಯಾ, ವಯಾಕಾಮ್ 18 ಸಂಸ್ಥೆಗಳ ಮಾಧ್ಯಮ ವ್ಯವಹಾರಗಳು ಒಂದಾಗಿ, ಹಿಂದೆ ಪರಸ್ಪರ ಸ್ಪರ್ಧಿಸಿದ ಸುವರ್ಣ, ಕಲರ್ಸ್ ಕನ್ನಡಗಳು ಜಿಯೋಸ್ಟಾರ್ ಎಂಬ ಒಂದೇ ಒಡೆತನಕ್ಕೆ ಬಂದುವು. ಆ ಎರಡು ವಾಹಿನಿಗಳ ನಡುವೆ ಕಾರ್ಯಕ್ರಮ ಅತ್ತಿತ್ತ ಹೋದರೆ ಇನ್ನು ಅದು ಒಂದೇ ಮನೆಯ ಕೋಣೆ ಬದಲಾವಣೆ. ಇದರಿಂದ ಹಳೆಯ ಮುದ್ರಣಗಳು ಒಂದೆಡೆ ಸೇರಲು ಅವಕಾಶ ಹೆಚ್ಚಿತೆನ್ನಬಹುದು. ಆದರೆ ಒಬ್ಬ ಒಡೆಯನ ಕೈಯಲ್ಲಿರುವುದು ಅವನ ಇಚ್ಛೆಯಂತೆ ಮರೆಯಾಗಲೂ ಬಹುದು. ಸಾರ್ವಜನಿಕ ಭಂಡಾರದ ಅವಶ್ಯಕತೆಯು ಇದರಿಂದ ಕಡಿಮೆಯಾಗದೆ ಹೆಚ್ಚುತ್ತದೆ.

ಕೊಡವರ ಹಾಡುಗಳು ಯಾವ ಕರಾರಿಗೂ ಒಳಪಡದೆ ದುಡಿಯ ದನಿಯೊಡನೆ ಬಾಯಿಂದ ಬಾಯಿಗೆ ಸಾಗಿ ಬಂದವು. ಹಾಗಿದ್ದೂ ನಡಿಕೇರಿಯಂಡ ಚಿಣ್ಣಪ್ಪನವರು ಅವನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟಿಸಿದುದರಿಂದಲೇ ಇಂದಿನ ವಿದ್ಯಾರ್ಥಿಗೆ ಅವುಗಳ ಆಗಿನ ರೂಪ ದೊರೆಯುತ್ತಿದೆ. ಎಲ್ಲರ ಸೊತ್ತಾದ ಹಾಡಿಗೇ ಸಂಗ್ರಾಹಕನೊಬ್ಬನು ಬೇಕಾದರೆ, ಪರರ ಸೊತ್ತಾದ ಕಾರ್ಯಕ್ರಮದಲ್ಲಿ ಹರಿದುಹೋಗುವ ನಮ್ಮ ಮಾತಿಗೆ ಅದು ಎಷ್ಟು ಬೇಕೆಂಬುದನ್ನು ಹೇಳಬೇಕಾಗಿಲ್ಲ. ಟೆಲಿವಿಷನ್ ಕನ್ನಡದ ಮುದ್ರಣಗಳನ್ನು ಅಧ್ಯಯನಕ್ಕಾಗಿ ಒಪ್ಪಿಸಿಕೊಳ್ಳುವ ಭಂಡಾರವು ನ್ಯಾಯಸಮ್ಮತವಾಗಿ ಏರ್ಪಡಬೇಕು. ಅಲ್ಲಿಯವರೆಗೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕಾರ್ಯಕ್ರಮದ ಹೆಸರು, ವಾಹಿನಿ, ದಿನಾಂಕ, ಕೇಳಿದ ಪದಪ್ರಯೋಗ, ಇಷ್ಟನ್ನಾದರೂ ಕ್ರಮವಾಗಿ ಬರೆದಿಡಬಹುದು. ಅದಕ್ಕೆ ಯಾವ ವಾಹಿನಿಯ ಅನುಮತಿಯೂ ಬೇಕಾಗಿಲ್ಲ.