ಬರುವ ವರ್ಷದ ಮುನ್ನೋಟ: ವಿಜಯಪುರ, ತಿಕೋಟಾ, ಬಬಲೇಶ್ವರ

ಭವಿಷ್ಯವನ್ನು ಕೇಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಮಹಾಶಿವರಾತ್ರಿಯ ನಂತರ ಬಬಲೇಶ್ವರ ತಾಲೂಕಿನ ಬಬಲಾದಿಯಲ್ಲಿ ನಡೆಯುವ ಸದಾಶಿವ ಮುತ್ಯಾನ ಜಾತ್ರೆಯಲ್ಲಿಯೂ, ಯುಗಾದಿಯ ಹೊತ್ತಿಗೆ ವಿಜಯಪುರ ಸಮೀಪದ ಕತ್ನಳ್ಳಿಯಲ್ಲಿಯೂ ಕಾಲಜ್ಞಾನವನ್ನು ಕೇಳಲು ಜನ ದೂರದೂರದಿಂದ ಬಂದು ಸೇರುತ್ತಾರೆ. ಮಳೆ, ಬೆಳೆ, ರಾಜಕೀಯಗಳ ಕುರಿತ ಆ ನುಡಿಗಳು ಮರುದಿನವೇ ಅಡತಿ ಅಂಗಡಿಗಳ ಕಟ್ಟೆಯ ಮೇಲೆ ಚರ್ಚೆಯ ವಿಷಯವಾಗುತ್ತವೆ. ಅದು ಶ್ರದ್ಧೆಯ ಮಾತು. ಅದನ್ನು ವಿಮರ್ಶಿಸುವುದು ಲೆಕ್ಕಪರಿಶೋಧಕನ ಕೆಲಸವಲ್ಲ.

ಆದರೆ ಅದೇ ಕಟ್ಟೆಯ ಮೇಲೆ ಇನ್ನೊಂದು ಬಗೆಯ ಭವಿಷ್ಯವೂ ದಿನನಿತ್ಯ ಕೇಳಿಬರುತ್ತದೆ. ಬರುವ ವರ್ಷ ವಿಮಾನ ಹಾರುವುದು ಖಚಿತವಂತೆ, ಪರಿಹಾರದ ಹಣ ಬಂದೊಡನೆ ಪೇಟೆ ಏರುವುದಂತೆ, ಚುನಾವಣೆ ಇನ್ನೇನು ಬಂದೇ ಬಿಟ್ಟಿತಂತೆ. ಈ 'ಅಂತೆ'ಗಳನ್ನು ನಂಬಿ ನಿವೇಶನ ಖರೀದಿಸುವವರು, ಸಾಲ ಪಡೆಯುವವರು, ಮಾಲು ತುಂಬಿಸಿಡುವವರು ನಮ್ಮಲ್ಲಿ ಅನೇಕರು. ಭವಿಷ್ಯ ತಪ್ಪಿದರೆ ಹೇಳಿದವನಿಗೆ ನಷ್ಟವಿಲ್ಲ. ಬಡ್ಡಿ ಕಟ್ಟುವವನು ವ್ಯಾಪಾರಸ್ಥನೇ. ಆದ್ದರಿಂದ ಬರುವ ವರ್ಷದಲ್ಲಿ ನಮ್ಮ ಮೂರು ಊರುಗಳಲ್ಲಿ ಏನಾಗಬಹುದು ಎಂಬುದನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೂರು ಅಂಕಣಗಳ ಖಾತೆ

ಲೆಕ್ಕಪತ್ರ ಶಾಸ್ತ್ರದಲ್ಲಿ ಮುಂಜಾಗ್ರತೆಯ ತತ್ತ್ವವೆಂಬುದಿದೆ. ಬರಬಹುದಾದ ನಷ್ಟಕ್ಕೆ ಇಂದೇ ಅವಕಾಶ ಕಲ್ಪಿಸಬೇಕು. ಬರಬಹುದಾದ ಲಾಭವನ್ನು ಕೈಗೆ ಬರುವ ಮುನ್ನ ಬರೆದುಕೊಳ್ಳಬಾರದು. ನಮ್ಮ ಲೆಕ್ಕಪತ್ರ ಮಾನದಂಡ 29 ಹೇಳುವುದೂ ಇದನ್ನೇ: ಅನಿಶ್ಚಿತ ಘಟನೆಯನ್ನು ಅವಲಂಬಿಸಿದ ಸಂಭಾವ್ಯ ಆಸ್ತಿಯನ್ನು ಪುಸ್ತಕದಲ್ಲಿ ಆಸ್ತಿಯೆಂದು ದಾಖಲಿಸುವಂತಿಲ್ಲ. ಇದೇ ನಿಯಮವನ್ನು ರಾಜಕೀಯ ಮುನ್ನೋಟಕ್ಕೂ ಅನ್ವಯಿಸಿದರೆ ಮೂರು ಅಂಕಣಗಳು ದೊರೆಯುತ್ತವೆ. ಮೊದಲನೆಯದು, ಪಂಚಾಂಗದಂತೆ ದಿನಾಂಕ ನಿಗದಿಯಾದ ಸಂಗತಿಗಳು. ಎರಡನೆಯದು, ಸಂಭವ ಹೆಚ್ಚಿದ್ದರೂ ದಿನಾಂಕವಿಲ್ಲದವು. ಮೂರನೆಯದು, ನ್ಯಾಯಾಲಯ, ನೆರೆರಾಜ್ಯ ಅಥವಾ ಪಕ್ಷದ ವರಿಷ್ಠರ ಕೈಯಲ್ಲಿರುವವು. ನಮ್ಮ ಬಹುತೇಕ ತೊಂದರೆಗಳು ಮೂರನೆಯ ಅಂಕಣದ ಸಂಗತಿಯನ್ನು ಮೊದಲನೆಯದರಲ್ಲಿ ಬರೆಯುವುದರಿಂದ ಉಂಟಾಗುತ್ತವೆ.

ವಿಜಯಪುರ ನಗರ: ವಿಮಾನ ಮತ್ತು ಪಾಲಿಕೆ

ಬುರಣಾಪುರ–ಮದಭಾವಿ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದಿತು. ಮೊದಲು ಎ.ಟಿ.ಆರ್. ಮಾದರಿಯ ಸಣ್ಣ ವಿಮಾನಗಳಿಗೆಂದು ಯೋಜಿಸಿದ್ದನ್ನು ನಂತರ ಏರ್‌ಬಸ್ ಇಳಿಯುವಂತೆ ವಿಸ್ತರಿಸಲಾಯಿತು. ವೆಚ್ಚವೂ ಅದಕ್ಕೆ ತಕ್ಕಂತೆ ಏರಿತು. ಕಾಮಗಾರಿ ಮುಂದುವರಿದ ಬಳಿಕ ಪರಿಸರ ಅನುಮತಿಯ ಪ್ರಶ್ನೆ ಅಡ್ಡ ಬಂದಿತು. 2025 ಮುಗಿಯುವವರೆಗೆ ಪ್ರಯಾಣಿಕರ ವಿಮಾನ ಅಲ್ಲಿ ಇಳಿಯಲಿಲ್ಲ.

ಇಂಥಲ್ಲಿ ಊಹೆಗಿಂತ ಪೂರ್ವನಿದರ್ಶನ ಮೇಲು. ಶಿವಮೊಗ್ಗದಲ್ಲಿ 2020ರ ಜೂನ್‌ನಲ್ಲಿ ಆರಂಭವಾದ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಮೂರು ವರ್ಷವೂ ಹಿಡಿಯಲಿಲ್ಲ. ನಮ್ಮ ನೆರೆಯ ಕಲಬುರಗಿಯಲ್ಲಿ 2008ರಲ್ಲಿ ಅಡಿಗಲ್ಲು ಬಿದ್ದು, ವಿಮಾನ ಸೇವೆ ಆರಂಭವಾದದ್ದು 2019ರ ನವೆಂಬರ್‌ನಲ್ಲಿ. ಅಂದರೆ ಹನ್ನೊಂದು ವರ್ಷ. ಒಂದೇ ರಾಜ್ಯದಲ್ಲಿ ಎರಡೂವರೆ ವರ್ಷದಿಂದ ಹನ್ನೊಂದು ವರ್ಷದವರೆಗೆ ಅಂತರವಿರುವಾಗ, 'ಬರುವ ವರ್ಷ' ಎಂಬ ಮಾತನ್ನು ಮೂರನೆಯ ಅಂಕಣದಲ್ಲಿಯೇ ಇಡುವುದು ವಿವೇಕ.

ಇದರ ವ್ಯಾವಹಾರಿಕ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಬ್ಬರು ನಿಲ್ದಾಣದ ಆಸೆಯಿಂದ 40 ಲಕ್ಷ ರೂಪಾಯಿ ಸಾಲ ಮಾಡಿ ಜಾಗ ಖರೀದಿಸಿದರೆಂದು ಭಾವಿಸಿರಿ. ಶೇ. 10ರ ಸರಳ ಬಡ್ಡಿಯಂತೆ ವರ್ಷಕ್ಕೆ 4 ಲಕ್ಷ. ಐದು ವರ್ಷಕ್ಕೆ 20 ಲಕ್ಷ. ಆ ಜಾಗದ ಬೆಲೆ ಒಂದೂವರೆ ಪಟ್ಟಾದರೂ ಅವರ ಲಾಭ ಶೂನ್ಯ. ನೋಂದಣಿ ವೆಚ್ಚ ಮತ್ತು ತೆರಿಗೆಯನ್ನು ಸೇರಿಸಿದರೆ ನಷ್ಟವೇ. ಅದೇ ಹಣ ಅಂಗಡಿಯ ಚಾಲ್ತಿ ಬಂಡವಾಳದಲ್ಲಿದ್ದರೆ ಪ್ರತಿ ಹಂಗಾಮಿಗೆ ಒಮ್ಮೆ ತಿರುಗುತ್ತಿತ್ತು. ವಿಮಾನ ಬಾರದೆಂದು ನಾನು ಹೇಳುತ್ತಿಲ್ಲ. ಬರುವ ದಿನಾಂಕ ಸಾಲದ ಕಂತಿಗೆ ಆಧಾರವಾಗಬಾರದು ಎನ್ನುತ್ತಿದ್ದೇನೆ.

ಪಾಲಿಕೆಯ ಇತಿಹಾಸವೂ ಇದೇ ಪಾಠವನ್ನು ಕಲಿಸುತ್ತದೆ. 35 ವಾರ್ಡುಗಳಿಗೆ 2022ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆದು, ಭಾ.ಜ.ಪ. 17 ಸ್ಥಾನಗಳೊಡನೆ ಅತಿದೊಡ್ಡ ಪಕ್ಷವಾಯಿತು. ಕಾಂಗ್ರೆಸ್ 10 ಸ್ಥಾನ ಪಡೆಯಿತು. ಆದರೆ ಮೇಯರ್ ಆಯ್ಕೆ ನಡೆದದ್ದು ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 2024ರ ಜನವರಿಯಲ್ಲಿ. ಆಗ ಆ ಸ್ಥಾನ ಕಾಂಗ್ರೆಸ್ಸಿಗೆ ದೊರೆಯಿತು. ಮತ ಎಣಿಕೆಯ ದಿನ ಇದನ್ನು ನಿಖರವಾಗಿ ಊಹಿಸಿದವರು ಎಷ್ಟು ಮಂದಿ? 2023ರಲ್ಲಿ ನಗರ ಕ್ಷೇತ್ರದಿಂದ ಭಾ.ಜ.ಪ. ಅಭ್ಯರ್ಥಿಯಾಗಿ ಗೆದ್ದ ಶ್ರೀ ಬಸನಗೌಡ ಪಾಟೀಲ ಯತ್ನಾಳರನ್ನು ಅದೇ ಪಕ್ಷ 2025ರ ಮಾರ್ಚ್‌ನಲ್ಲಿ ಆರು ವರ್ಷಗಳ ಅವಧಿಗೆ ಉಚ್ಚಾಟಿಸಿತು. ಇದನ್ನೂ ಗೆಲುವಿನ ದಿನ ಯಾರೂ ನಿರೀಕ್ಷಿಸಿರಲಿಲ್ಲ. ನಗರದ ರಾಜಕೀಯ ಬರುವ ವರ್ಷದಲ್ಲಿಯೂ ಬಹುಕೋನದ್ದಾಗಿಯೇ ಇರುವುದೆಂಬುದು ನನ್ನ ಅಂದಾಜು. ಹಾಗಿರುವಾಗ ಯಾವುದೇ ಒಬ್ಬ ನಾಯಕರ ಭರವಸೆಯ ಮೇಲೆ ಗುತ್ತಿಗೆಯನ್ನಾಗಲಿ ಮಳಿಗೆಯನ್ನಾಗಲಿ ಲೆಕ್ಕ ಹಾಕುವುದು ಸಲ್ಲದು.

ಇದಕ್ಕೆ ವ್ಯತಿರಿಕ್ತವಾಗಿ, ಯಾರು ಮೇಯರ್ ಆದರೂ ಬದಲಾಗದ ಸಂಗತಿಗಳಿವೆ. ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಿನಲ್ಲಿಯೇ ಪಾವತಿಸಿದರೆ ಶೇ. 5ರ ರಿಯಾಯಿತಿ ದೊರೆಯುವ ಪದ್ಧತಿ ನಮ್ಮ ನಗರಸಂಸ್ಥೆಗಳಲ್ಲಿದೆ. ಅನಿಶ್ಚಿತವಾದ ಏರಿಕೆಯನ್ನು ಕಾಯುವವರು ಈ ಖಚಿತ ಉಳಿತಾಯವನ್ನು ಮರೆಯುವುದೇ ಹೆಚ್ಚು.

ತಿಕೋಟಾ: ದ್ರಾಕ್ಷಿಯ ಪಂಚಾಂಗ

ತಿಕೋಟಾದ ಅರ್ಥವ್ಯವಸ್ಥೆ ದ್ರಾಕ್ಷಿಯ ಬಳ್ಳಿಗೆ ಕಟ್ಟಿಕೊಂಡಿದೆ. ಏಪ್ರಿಲ್ ಮತ್ತು ಅಕ್ಟೋಬರ್‌ನ ಎರಡು ಚಾಟನಿಗಳು, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಗಿಸುವ ಕಾಲ, ನಂತರ ಶೈತ್ಯಾಗಾರ, ಆಮೇಲೆ ತಾಸಗಾಂವ–ಸಾಂಗ್ಲಿಯ ಪೇಟೆ ಅಥವಾ ವಿಜಯಪುರದ ಪೇಟೆ. ಔಷಧ, ಗೊಬ್ಬರ, ಹನಿ ನೀರಾವರಿ ಸಾಮಗ್ರಿಗಳ ಅಂಗಡಿಕಾರರ ಉದ್ರಿ ವಸೂಲಾಗುವುದೂ ಈ ಕ್ರಮದಲ್ಲಿಯೇ. ಬಳ್ಳಿ ಹೂ ಬಿಡುವಾಗ ಅಥವಾ ಹಣ್ಣು ಒಣಗುವಾಗ ಅಕಾಲಿಕ ಮಳೆ ಬಂದರೆ ಎಲ್ಲ ಲೆಕ್ಕವೂ ತಲೆಕೆಳಗು. ಆದ್ದರಿಂದ ತಿಕೋಟಾದ ಪೇಟೆಗೆ ಬರುವ ವರ್ಷವೂ ಮಂತ್ರಿಗಳಿಗಿಂತ ಮೋಡಗಳೇ ಮುಖ್ಯ.

ಸರ್ಕಾರದ ಕಡೆಯಿಂದ ಖಚಿತವಾಗಿರುವುದು ತೆರಿಗೆಯ ಸ್ಥಿತಿ. ಬೆಳೆಗಾರನು ತಾನೇ ಬೆಳೆದು ಮಾರುವ ಒಣದ್ರಾಕ್ಷಿಗೆ ಜಿ.ಎಸ್.ಟಿ. ಇಲ್ಲವೆಂದು ಜಿ.ಎಸ್.ಟಿ. ಮಂಡಳಿಯ 55ನೆಯ ಸಭೆ 2024ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಆದರೆ ಅದೇ ಮಾಲನ್ನು ವ್ಯಾಪಾರಸ್ಥನು ಮಾರಿದಾಗ ಈ ವಿನಾಯಿತಿ ಅನ್ವಯಿಸದು. ಈ ವ್ಯತ್ಯಾಸವನ್ನು ಖರೀದಿ ಬಿಲ್ಲಿನಲ್ಲಿ ತೋರಿಸದೆ ಬಿಟ್ಟವರಿಗೆ ಮುಂದೆ ನೋಟಿಸಿಗೆ ಉತ್ತರಿಸುವ ಶ್ರಮ ತಪ್ಪದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರ ಪರಿಷ್ಕರಣೆಯಲ್ಲಿ ಹನಿ ನೀರಾವರಿ ಸಾಮಗ್ರಿ, ಟ್ರ್ಯಾಕ್ಟರ್ ಮತ್ತು ರಟ್ಟಿನ ಪೆಟ್ಟಿಗೆಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ಪೆಟ್ಟಿಗೆ ತಯಾರಿಸುವ ಸಣ್ಣ ಉದ್ಯಮಿಗಳು ತಮ್ಮ ಕಚ್ಚಾ ಮಾಲಿನ ಮೇಲೆ ಕಟ್ಟಿದ ತೆರಿಗೆ ಮಾರಾಟದ ತೆರಿಗೆಗಿಂತ ಹೆಚ್ಚಾಗಿ ಉಳಿಯುತ್ತಿದೆಯೇ ಎಂದು ಪ್ರತಿ ತಿಂಗಳು ನೋಡಿಕೊಳ್ಳುವುದು ಒಳಿತು.

ಬಬಲೇಶ್ವರ: ನೀರು, ಪರಿಹಾರ, ಅಧಿಕಾರ

ಹಿಂದಿನ ತಿಕೋಟಾ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಹೋಗಿ ಬಬಲೇಶ್ವರ ಕ್ಷೇತ್ರ ಬಂದಿತು. ಅಂದಿನಿಂದ 2008, 2013, 2018, 2023ರ ನಾಲ್ಕೂ ಚುನಾವಣೆಗಳಲ್ಲಿ ಇಲ್ಲಿ ಗೆದ್ದವರು ಶ್ರೀ ಎಂ.ಬಿ. ಪಾಟೀಲರು. ಅವರು 2013ರಿಂದ 2018ರವರೆಗೆ ಜಲಸಂಪನ್ಮೂಲ ಖಾತೆಯನ್ನೂ, 2023ರ ಮೇ ತಿಂಗಳ ಸಂಪುಟದಲ್ಲಿ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಖಾತೆಯನ್ನೂ ವಹಿಸಿಕೊಂಡರು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳು ಬಂದ ಮೇಲೆ ಈ ಭಾಗದ ಬೆಳೆ ಬದಲಾಯಿತು, ಬೆಳೆಯೊಡನೆ ಪೇಟೆಯೂ ಬದಲಾಯಿತು. ಖಾತೆಗಳು ಬದಲಾಗಬಹುದು, ಸಂಪುಟಗಳು ಪುನಾರಚನೆಯಾಗಬಹುದು. ಕಾಲುವೆಗೆ ಬಂದ ನೀರು ಮಾತ್ರ ಲೆಕ್ಕಕ್ಕೆ ಸಿಗುವ ಆಸ್ತಿ.

ಇನ್ನು ಕೃಷ್ಣಾ ಮೇಲ್ದಂಡೆ ಮೂರನೆಯ ಹಂತ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಎರಡನೆಯ ನ್ಯಾಯಾಧಿಕರಣ 2010ರಲ್ಲಿಯೇ ಒಪ್ಪಿದರೂ, ಸರ್ವೋಚ್ಚ ನ್ಯಾಯಾಲಯದ 2011ರ ಆದೇಶದಿಂದ ತೀರ್ಪಿನ ಅಧಿಸೂಚನೆ ತಡೆಯಲ್ಪಟ್ಟಿತು. 2025ರ ಸೆಪ್ಟೆಂಬರ್ 16ರಂದು ರಾಜ್ಯ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. ಒಟ್ಟು ಹೊರೆ ಸುಮಾರು 70,000 ಕೋಟಿ ರೂಪಾಯಿ.

ಈ ಮೊತ್ತವನ್ನು ಕೇಳಿ ಚಿನ್ನ, ವಾಹನ, ನಿವೇಶನ ವ್ಯಾಪಾರಿಗಳು ಹರ್ಷಿಸುವುದು ಸಹಜ. ಆದರೆ 2025–26ರ ರಾಜ್ಯ ಬಜೆಟ್ಟಿನ ಗಾತ್ರ ಸುಮಾರು 4.09 ಲಕ್ಷ ಕೋಟಿ. ಅಂದರೆ ಪರಿಹಾರದ ಮೊತ್ತ ಇಡೀ ರಾಜ್ಯದ ಒಂದು ವರ್ಷದ ಬಜೆಟ್ಟಿನ ಆರರಲ್ಲಿ ಒಂದು ಪಾಲಿಗೂ ಹೆಚ್ಚು. ಸಂಬಳ, ಪಿಂಚಣಿ, ಬಡ್ಡಿ, ಗ್ಯಾರಂಟಿ ಯೋಜನೆಗಳನ್ನು ಕಳೆದು ಉಳಿಯುವ ಹಣದಲ್ಲಿ ಇದು ಒಂದೇ ಬಾರಿಗೆ ಬಾರದು. ಕಂತುಗಳಲ್ಲಿ ಬರುವ ಸಂಭವವೇ ಹೆಚ್ಚು. ಇದು ಎರಡನೆಯ ಅಂಕಣದ ಸಂಗತಿ. ಬಜೆಟ್ ಭಾಷಣದಲ್ಲಿಯ ಘೋಷಣೆಯನ್ನಲ್ಲ, ಈ ಶೀರ್ಷಿಕೆಯಡಿ ಬಿಡುಗಡೆಯಾದ ಹಣವನ್ನು ನೋಡಿ ಮಾಲು ತರಿಸಬೇಕು. ಅಣೆಕಟ್ಟೆಯ ಎತ್ತರದ ಪ್ರಶ್ನೆಯಾದರೋ ಮಹಾರಾಷ್ಟ್ರ ಮತ್ತು ತೆಲುಗು ರಾಜ್ಯಗಳ ಆಕ್ಷೇಪಗಳಿಂದಾಗಿ ಮೂರನೆಯ ಅಂಕಣದಲ್ಲಿಯೇ ಇದೆ.

ಚುನಾವಣೆಯ ಛಾಯೆ

ತಿಕೋಟಾ ಮತ್ತು ಬಬಲೇಶ್ವರ 2018ರಲ್ಲಿ ತಾಲೂಕುಗಳಾಗಿ ಕಾರ್ಯಾರಂಭ ಮಾಡಿದವು. ರಾಜ್ಯದಲ್ಲಿ ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವುಗಳ ಅವಧಿ 2021ರಲ್ಲಿ ಮುಗಿಯಿತು. 2025ರ ಅಂತ್ಯದವರೆಗೂ ಮತ್ತೆ ಚುನಾವಣೆ ನಡೆಯಲಿಲ್ಲ. ಹೀಗಾಗಿ ಎರಡೂ ತಾಲೂಕುಗಳು ತಮ್ಮದೇ ಚುನಾವಣೆಯನ್ನು ಕಾಣದೆ ವರ್ಷಗಳನ್ನು ಕಳೆದವು. 15ನೆಯ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿದ್ದುದರಿಂದ, ಇದು ರಸ್ತೆ, ಚರಂಡಿ, ಸಂತೆಕಟ್ಟೆಗಳ ಹಣದ ಪ್ರಶ್ನೆಯೂ ಹೌದು. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯತಿಗಳ ಐದು ವರ್ಷಗಳ ಅವಧಿಯೂ ತುಂಬುವ ಹಂತಕ್ಕೆ ಬಂದಿತು. ವಿಧಾನಸಭೆಯ ಚುನಾವಣೆ 2028ರ ಮೇ ತಿಂಗಳೊಳಗೆ ನಡೆಯಬೇಕು.

ಇದರಿಂದ ಒಂದು ಮುನ್ನೋಟವನ್ನು ಧೈರ್ಯದಿಂದ ಹೇಳಬಹುದು. ಚುನಾವಣೆ ಸಮೀಪಿಸಿದಂತೆ ಅಡಿಗಲ್ಲುಗಳು ಹೆಚ್ಚುತ್ತವೆ. ಬಿಲ್ ಪಾವತಿ ಅದೇ ವೇಗದಲ್ಲಿ ಹೆಚ್ಚದು. ಸರ್ಕಾರಿ ಕಾಮಗಾರಿಗಳಿಗೆ ಸಾಮಗ್ರಿ ಪೂರೈಸುವ ಸಣ್ಣ ತಯಾರಕರು ಉದ್ಯಮ ನೋಂದಣಿಯನ್ನು ಸರಿಯಾಗಿಟ್ಟುಕೊಂಡು, 2006ರ ಸಣ್ಣ ಉದ್ಯಮಗಳ ಕಾಯ್ದೆ ನೀಡಿರುವ ಗರಿಷ್ಠ 45 ದಿನಗಳ ಪಾವತಿ ಹಕ್ಕನ್ನು ಬಿಲ್ಲಿನ ಮೇಲೆಯೇ ನಮೂದಿಸಬೇಕು.

ಇನ್ನೊಂದು ಎಚ್ಚರಿಕೆ. ನೀತಿಸಂಹಿತೆ ಜಾರಿಯಾದಾಗ 50,000 ರೂಪಾಯಿಗೆ ಮೀರಿದ ನಗದನ್ನು ದಾಖಲೆಯಿಲ್ಲದೆ ಒಯ್ದರೆ ಅದನ್ನು ವಶಪಡಿಸಿಕೊಳ್ಳುವ ಪರಿಪಾಠವಿದೆ. ಗಡಿಯಾಚೆ ಸಾಂಗ್ಲಿ ಜಿಲ್ಲೆಯಲ್ಲಿ ಚುನಾವಣೆಯಿದ್ದರೂ ನಮ್ಮ ಒಣದ್ರಾಕ್ಷಿಯ ಹಣ ತನಿಖಾ ಠಾಣೆಯಲ್ಲಿ ನಿಲ್ಲುತ್ತದೆ. ಬ್ಯಾಂಕಿನ ಚೀಟಿ, ಮಾರಾಟದ ಪಟ್ಟಿ, ರೋಜುಮೇಳದ ಪ್ರತಿ ಜೊತೆಗಿದ್ದರೆ ಹಣ ಬಿಡಿಸಿಕೊಳ್ಳುವುದು ಸುಲಭ. ಬ್ಯಾಂಕಿನ ಮೂಲಕವೇ ವ್ಯವಹರಿಸಿದರೆ ಆ ಪ್ರಶ್ನೆಯೇ ಏಳದು.

ವ್ಯಾಪಾರಸ್ಥರು ಮಾಡಬೇಕಾದುದು

ಬರುವ ವರ್ಷದ ಯೋಜನೆಯನ್ನು ಬರೆಯುವಾಗ ಪ್ರತಿ ನಿರೀಕ್ಷೆಯ ಮುಂದೆ ಅದು ಯಾವ ಅಂಕಣದ್ದೆಂದು ಗುರುತಿಸಿರಿ. ಸಾಲವನ್ನು ಮೊದಲನೆಯ ಅಂಕಣದ ಆದಾಯದ ಮೇಲೆ ಮಾತ್ರ ಪಡೆಯಿರಿ. ಎರಡನೆಯದಕ್ಕೆ ಉಳಿತಾಯದ ಒಂದು ಭಾಗವನ್ನು ಮೀಸಲಿಡಿ. ಮೂರನೆಯದನ್ನು ಪತ್ರಿಕೆಯಲ್ಲಿ ಓದಿ, ಕಟ್ಟೆಯ ಮೇಲೆ ಚರ್ಚಿಸಿ. ಬ್ಯಾಂಕಿನ ಅರ್ಜಿಯಲ್ಲಿ ಬರೆಯಬೇಡಿ.

ವಾಣಿಜ್ಯೋದ್ಯಮ ಸಂಸ್ಥೆಗೂ ಇಲ್ಲಿ ಒಂದು ಹೊಣೆಯಿದೆ. ಬಜೆಟ್ ಪೂರ್ವ ಮನವಿಗಳಲ್ಲಿ ನಾವು ಸಾಮಾನ್ಯವಾಗಿ ಹೊಸ ಯೋಜನೆಗಳನ್ನು ಕೇಳುತ್ತೇವೆ. ಈ ಬಾರಿ ಹಳೆಯ ಯೋಜನೆಗಳಿಗೆ ದಿನಾಂಕ ಕೇಳೋಣ: ವಿಮಾನ ನಿಲ್ದಾಣದ ಬಾಕಿ ಅನುಮತಿಗಳ ಪಟ್ಟಿ, ಪರಿಹಾರದ ಕಂತುಗಳ ವೇಳಾಪಟ್ಟಿ, ತಾಲೂಕು ಪಂಚಾಯತಿಗೆ ಚುನಾಯಿತ ಆಡಳಿತ ದೊರೆಯುವ ಕಾಲಮಿತಿ. ಮೂರನೆಯ ಅಂಕಣದ ಒಂದು ಸಂಗತಿಗಾದರೂ ಬರಹದಲ್ಲಿ ದಿನಾಂಕ ದೊರೆತರೆ, ಅಷ್ಟರ ಮಟ್ಟಿಗೆ ನಮ್ಮ ಸದಸ್ಯರ ಬಡ್ಡಿ ಉಳಿಯುವುದೆಂಬುದು ನನ್ನ ನಮ್ರ ಅಭಿಪ್ರಾಯ.