ಐವತ್ತು ವರ್ಷ ಕೆಡದ ಸ್ಪ್ಯಾನಿಷ್

ಸ್ಪೇನಿನ ಸಲಮಾಂಕಾದ ಬೇಸಿಗೆ ತರಗತಿಯಲ್ಲಿ ನನ್ನ ಪಕ್ಕ ಕೂತಿದ್ದವರಿಗೆ ಎಪ್ಪತ್ತು ಯಾವತ್ತೋ ದಾಟಿತ್ತು. ಅಮೆರಿಕದ ಉತ್ತರ ಭಾಗದ ಒಂದು ಸಣ್ಣ ಊರಿನ ನಿವೃತ್ತ ನರ್ಸ್. 1960ರ ದಶಕದಲ್ಲಿ ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಓದಿದ್ದರು, ಆಮೇಲೆ ಅದರ ತಂಟೆಗೇ ಹೋಗಿರಲಿಲ್ಲ. ಅವರ ಆಸ್ಪತ್ರೆಗೆ ಆ ಭಾಷೆಯ ರೋಗಿಗಳೇ ಬರುತ್ತಿರಲಿಲ್ಲವಂತೆ. ಪರಿಚಯ ಹೇಳಿಕೊಳ್ಳುವ ಸರದಿ ಬಂದಾಗ ಬಾಯಿ ತೆರೆದರು, ಏನೂ ಹೊರಡಲಿಲ್ಲ. ಮೇಡಂ ಕಾದರು, ನಾವೂ ಕಾದೆವು. ವಾರ ಕಳೆಯುವುದರೊಳಗೆ ಅದೇ ಬಾಯಿಂದ ಇಡಿಯಿಡೀ ಸಂಭಾಷಣೆಗಳು ಉದುರತೊಡಗಿದವು: ಗ್ರಂಥಾಲಯ ಎಲ್ಲಿದೆ, ತಮ್ಮ ಸೋದರಿ ಮನೆಯಲ್ಲಿದ್ದಾರೆಯೇ, ಇವತ್ತು ಹವೆ ಹೇಗಿದೆ. ಎಲ್ಲಕ್ಕೂ ಗೌರವದ ‘ಉಸ್ತೆದ್’. ಕಾಫಿ ತಂದುಕೊಟ್ಟ ಇಪ್ಪತ್ತರ ಹುಡುಗನಿಗೂ ‘ತಾವು’. ಇಂದಿನ ಸ್ಪೇನಿನಲ್ಲಿ ಹೋಟೆಲಿನ ಹುಡುಗರಿಗೆ ಅಷ್ಟೊಂದು ಮರ್ಯಾದೆ ಸಿಗುವುದು ಅಪರೂಪ. ಪಾಪ, ನಾಚಿಕೊಂಡ.

ಆ ಸಂಭಾಷಣೆಗಳ ಹಿಂದೆ ಒಂದು ಉಪಗ್ರಹವಿದೆ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಬೆಚ್ಚಿಬಿದ್ದ ಅಮೆರಿಕ, ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು ಗಣಿತ, ವಿಜ್ಞಾನಗಳ ಜೊತೆ ವಿದೇಶಿ ಭಾಷೆಗಳಿಗೂ ಹಣ ಸುರಿಯಿತು. ಶಾಲೆಗಳಲ್ಲಿ ಟೇಪ್ ರೆಕಾರ್ಡರ್‌ಗಳ ಭಾಷಾ ಪ್ರಯೋಗಾಲಯಗಳು ಎದ್ದವು. ಹೆಡ್‌ಫೋನ್ ಹಾಕಿಕೊಂಡು ಟೇಪು ಹೇಳಿದ್ದನ್ನು ಹೇಳಬೇಕು, ಮತ್ತೆ ಹೇಳಬೇಕು. ನಾವು ಮಗ್ಗಿ ಒಪ್ಪಿಸಿದ ಹಾಗೆ. ಆ ವಿಧಾನವನ್ನು ಬೋಧಕರು ಎಂದೋ ಮೂಲೆಗೆ ತಳ್ಳಿದ್ದಾರೆ. ಈ ನರ್ಸನ್ನು ಕೇಳಿದ ಮೇಲೆ ನನಗೆ ಅಷ್ಟು ಧೈರ್ಯವಾಗಿ ತಳ್ಳಲು ಮನಸ್ಸಿಲ್ಲ.

ನಾನು ದೆಹಲಿಯಲ್ಲಿದ್ದಾಗ ಸ್ಪ್ಯಾನಿಷ್ ಕಲಿತು, ಬೆಂಗಳೂರಿಗೆ ಬಂದಮೇಲೆ ಬಿಟ್ಟವಳು. ಬಿಟ್ಟ ಭಾಷೆ ಅಳಿಸಿಹೋಗುತ್ತದೆ ಎಂದೇ ಎಲ್ಲರಂತೆ ನಂಬಿದ್ದೆ. ಆದರೆ ಇದನ್ನು ಲೆಕ್ಕಹಾಕಿ ನೋಡಿದ ಮನುಷ್ಯನೊಬ್ಬರಿದ್ದರು. ಒಹಾಯೊ ವೆಸ್ಲಿಯನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹ್ಯಾರಿ ಬಾರಿಕ್, ಹೈಸ್ಕೂಲಿನಲ್ಲೋ ಕಾಲೇಜಿನಲ್ಲೋ ಸ್ಪ್ಯಾನಿಷ್ ಓದಿದ್ದ 733 ಜನರಿಗೆ ಪರೀಕ್ಷೆ ಕೊಟ್ಟು 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರು ಆಗಷ್ಟೇ ಓದು ಮುಗಿಸಿದವರು, ಕೆಲವರು ಮುಗಿಸಿ ಐವತ್ತು ವರ್ಷವಾದವರು. ಮೊದಲ ಮೂರರಿಂದ ಆರು ವರ್ಷ ಭಾಷೆ ಸರಸರನೆ ಸೋರುತ್ತದೆ. ಅಚ್ಚರಿ ಇರುವುದು ಆಮೇಲೆ: ಸೋರಿಕೆ ನಿಲ್ಲುತ್ತದೆ. ಉಳಿದದ್ದು ಸುಮಾರು ಮೂವತ್ತು ವರ್ಷ ಹೆಚ್ಚುಕಡಿಮೆ ಅಲುಗಾಡದೆ ಹಾಗೇ ಇರುತ್ತದೆ, ನಡುವೆ ಯಾರೂ ಪುಸ್ತಕ ಮುಟ್ಟದಿದ್ದರೂ. ಎಷ್ಟು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಮೊದಲು ಎಷ್ಟು ಕಲಿತಿದ್ದಿರಿ, ಯಾವ ದರ್ಜೆ ಪಡೆದಿದ್ದಿರಿ ಎಂಬುದು. ಕಂಡ ಪದವನ್ನು ಗುರುತಿಸುವುದು ಸುಲಭ, ತಾನಾಗಿ ನೆನಪಿಗೆ ತಂದುಕೊಳ್ಳುವುದು ಕಷ್ಟ. ನರ್ಸ್ ಬಾಯಿ ತೆರೆದು ಸುಮ್ಮನಾದದ್ದು ಅದಕ್ಕೇ. ಸರಕು ಒಳಗೇ ಇತ್ತು, ಬಾಗಿಲು ಸಿಕ್ಕಿಹಾಕಿಕೊಂಡಿತ್ತು.

ಒಂದು ತಕರಾರು ಹೇಳಲೇಬೇಕು. ಬಾರಿಕ್ ಒಬ್ಬರನ್ನೇ ಐವತ್ತು ವರ್ಷ ಹಿಂಬಾಲಿಸಲಿಲ್ಲ. ಬೇರೆ ಬೇರೆ ಕಾಲದಲ್ಲಿ ಓದಿದವರನ್ನು ಒಟ್ಟಿಗೆ ಅಳೆದರು. 1930ರ ದಶಕದ ಶಾಲೆಯೂ 1970ರ ದಶಕದ ಶಾಲೆಯೂ ಒಂದೇ ಅಲ್ಲ. ಎಷ್ಟು ಓದಿದ್ದರು, ಎಷ್ಟು ಅಂಕ ಬಂದಿತ್ತು ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು, ನಿಜ. ಆದರೂ ಇದು ನಂಬಿಕೆಗೆ ಅರ್ಹವಾದ ಅಂದಾಜೇ ಹೊರತು ಶಾಸನವಲ್ಲ.

ನನಗೆ ಇನ್ನೂ ಹೆಚ್ಚು ಇಷ್ಟವಾದದ್ದು ಅದೇ ಮನುಷ್ಯನ ಇನ್ನೊಂದು ಪ್ರಯೋಗ. 1993ರಲ್ಲಿ ಬಂದ ಆ ಪ್ರಬಂಧಕ್ಕೆ ನಾಲ್ವರು ಲೇಖಕರು, ನಾಲ್ವರ ಹೆಸರಿನ ಕೊನೆಯಲ್ಲೂ ಬಾರಿಕ್. ಒಂದೇ ಕುಟುಂಬ! ಪ್ರಯೋಗಕ್ಕೆ ಒಳಗಾದವರೂ ಅದೇ ನಾಲ್ವರು. ಒಂಬತ್ತು ವರ್ಷ ನಡೆದ ಈ ಕೆಲಸದಲ್ಲಿ ಪರಭಾಷೆಯ 300 ಪದಗಳನ್ನು ಕಲಿತು, ಮತ್ತೆ ಮತ್ತೆ ಮರುಕಲಿತು, ನಿಲ್ಲಿಸಿ ಐದು ವರ್ಷದವರೆಗೆ ಎಷ್ಟು ಉಳಿಯಿತೆಂದು ನೋಡಿದರು. ಕೆಲವು ಪದಗಳಿಗೆ 14 ದಿನಕ್ಕೊಮ್ಮೆ ಪಾಠ, ಕೆಲವಕ್ಕೆ 28 ದಿನಕ್ಕೊಮ್ಮೆ, ಕೆಲವಕ್ಕೆ 56 ದಿನಕ್ಕೊಮ್ಮೆ. ಆ ಮನೆಯ ಊಟದ ಮೇಜನ್ನು ಊಹಿಸಿಕೊಳ್ಳುತ್ತಾ ನಾನು ಎಷ್ಟೋ ಹೊತ್ತು ಕಳೆದಿದ್ದೇನೆ: ಹಬ್ಬಕ್ಕೆ ಬಂದ ಮಗಳಿಗೆ ‘ನಿನ್ನ 56ನೆಯ ದಿನ ನಾಳೆ’ ಎಂದು ನೆನಪಿಸುವ ಅಪ್ಪ. ಫಲಿತಾಂಶವಂತೂ ಸೋಮಾರಿಗಳಿಗೆ ಹಬ್ಬ. 56 ದಿನಕ್ಕೊಮ್ಮೆಯಂತೆ 13 ಸಲ ಕಲಿತದ್ದು, 14 ದಿನಕ್ಕೊಮ್ಮೆಯಂತೆ 26 ಸಲ ಕಲಿತದ್ದಕ್ಕೆ ಸಮನಾಗಿ ಉಳಿಯಿತು. ಅರ್ಧ ದುಡಿಮೆ, ಅದೇ ಫಲ. ಷರತ್ತು ಒಂದೇ: ಪ್ರತಿ ಸಲ ಕೂತಾಗಲೂ ‘ಅಯ್ಯೋ, ಮರೆತಿದ್ದೇನೆ’ ಎಂಬ ಸಂಕಟ ಜಾಸ್ತಿ, ಕಲಿಕೆ ತುಸು ನಿಧಾನ. ದಿನಕ್ಕೆ ಹತ್ತು ನಿಮಿಷ ತಪ್ಪದೆ ಬನ್ನಿ ಎಂದು ಗೋಗರೆಯುವ ಮೊಬೈಲ್ ಆ್ಯಪ್‌ಗಳು ಈ ಪ್ರಬಂಧವನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುವುದನ್ನು ನಾನಂತೂ ಕಂಡಿಲ್ಲ.

ಇಷ್ಟು ಸಂತೋಷ ಪಟ್ಟಮೇಲೆ ಕಹಿ ಮಾತಿಗೆ ಬರೋಣ. ಹಳೆಯದು ಮರಳುವ ವೇಗ ನೋಡಿ, ಹೀಗೇ ಹೋದರೆ ಮೇಲಿನ ಹಂತವೂ ಕೈಗೆ ಸಿಕ್ಕೀತು ಎಂದು ಎಲ್ಲರಿಗೂ ಅನಿಸುತ್ತದೆ. ಸಿಗುವುದಿಲ್ಲ. ಮರಳುವುದು ಮೊದಲು ಇದ್ದ ಗೆರೆಯ ತನಕ. ಅಲ್ಲಿಂದ ಮುಂದಿನದು ಬೇರೆಯೇ ಕೆಲಸ. ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಆರು ಮೆಟ್ಟಿಲುಗಳ ಚೌಕಟ್ಟಿನಲ್ಲಿ ನಾನು ಬಿ2ಕ್ಕೆ ಬೇಗನೆ ಮರಳಿದೆ. ಅದರ ಮೇಲಿನ ಸಿ1 ಮುಂದೆ ಸುಮ್ಮನೆ ನಿಂತಿದೆ.

ಕೆನಡಾದ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಇದರ ಬಗ್ಗೆಯೇ ಬರೆದರು. ಅಲ್ಲಿ ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಓದಿದ ಇಂಗ್ಲಿಷ್ ಮನೆಯ ಮಕ್ಕಳು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಫ್ರೆಂಚ್ ಮಕ್ಕಳ ಹತ್ತಿರಕ್ಕೇ ಬಂದಿದ್ದರು. ಬಾಯಿ ಬಿಟ್ಟರೆ ಮಾತ್ರ ವ್ಯಾಕರಣ ತಡವರಿಸುತ್ತಿತ್ತು. ಕೇಳುವಾಗ ವ್ಯಾಕರಣವನ್ನು ಹಾರಿಸಿಕೊಂಡು ಅರ್ಥ ಹಿಡಿಯಬಹುದು, ಆಡುವಾಗ ಹಾರಿಸಲಾಗದು. ಆದ್ದರಿಂದ ಆಡಿಸಬೇಕು, ಬರೆಸಬೇಕು ಎಂಬುದು ಅವರ ವಾದ. ನೆಟ್‌ಫ್ಲಿಕ್ಸ್‌ನಲ್ಲಿ ಸ್ಪ್ಯಾನಿಷ್ ಧಾರಾವಾಹಿಗಳನ್ನು ಸಾಲಾಗಿ ನೋಡಿ ಮುಗಿಸಿದರೂ ನಾಲಿಗೆ ನಿಂತಲ್ಲೇ ನಿಲ್ಲುವುದು ಹೀಗೆ.

ನಮ್ಮ ಮೇಡಂ ಇದನ್ನು ಇನ್ನೂ ಒರಟಾಗಿ ಹೇಳಿದರು. ‘ನೀನು ಸುಬ್ಹುಂತಿವೊ ಎದುರಾಗುವ ಬೀದಿಗಳನ್ನೆಲ್ಲ ಬಿಟ್ಟು ಸುತ್ತುಬಳಸಿ ನಡೀತೀಯ.’ ಆಸೆ, ಅನುಮಾನ, ಇನ್ನೂ ಇಲ್ಲದ್ದು, ಇವಕ್ಕೆಲ್ಲ ಸ್ಪ್ಯಾನಿಷ್ ಬಳಸುವ ಕ್ರಿಯಾರೂಪ ಅದು. ಜರ್ಮನ್ ಬಲ್ಲ ಒಬ್ಬಳು ನಮ್ಮ ಆಫೀಸಿನಲ್ಲಿದ್ದರೆ ‘ಸಾಬೆ’. ಬಲ್ಲವರು ಯಾರಾದರೂ ಸಿಕ್ಕಾರೇ ಎಂದು ಹುಡುಕುತ್ತಿದ್ದರೆ ‘ಸೆಪಾ’. ಆ ‘ಸೆಪಾ’ ತಪ್ಪಿಸಲು ವಾಕ್ಯವನ್ನೇ ತುಂಡರಿಸಿ ಎರಡು ಮಾಡುವುದು ಬಿ2ದವರ ಹಳೆಯ ಕೈಚಳಕ. ತಪ್ಪೇನೂ ಆಗುವುದಿಲ್ಲ. ಅದೇ ಅಪಾಯ, ಯಾರೂ ತಿದ್ದುವುದಿಲ್ಲ.

ಕನ್ನಡಿಗರಿಗೆ ಕೆಲವು ಕಡೆ ದಾರಿ ಹೂವಿನದು. ‘ಮೆ ಗುಸ್ತಾ ಎಲ್ ಕಫೆ’ಯ ಮುಂದೆ ಇಂಗ್ಲಿಷ್ ಮಂದಿ ತಿಣುಕುತ್ತಾರೆ, ‘ನನಗೆ ಕಾಫಿ ಇಷ್ಟ’ ಎನ್ನುವ ನಮಗೆ ಅದು ಮನೆಮಾತು. ‘ಮನೆ ನೋಡಿದೆ’ ಎಂದರೆ ಸಾಕು, ಆದರೆ ‘ರಾಧೆ ನೋಡಿದೆ’ ಎನ್ನಲಾಗದು, ‘ರಾಧೆಯನ್ನು’ ಎನ್ನಬೇಕು; ಸ್ಪ್ಯಾನಿಷ್ ಕೂಡ ಮನುಷ್ಯರ ಮುಂದೆ ‘ಆ’ ಎಂದು ಸೇರಿಸಿಕೊಳ್ಳುತ್ತದೆ, ಮನೆಯ ಮುಂದೆ ಸೇರಿಸುವುದಿಲ್ಲ. ಇದನ್ನು ತರಗತಿಯಲ್ಲಿ ಹೇಳಿ ಸ್ವಲ್ಪ ಮೆರೆದೆ. ಸುಬ್ಹುಂತಿವೊ ವಿಷಯದಲ್ಲಿ ಮಾತ್ರ ಕನ್ನಡ ಕೈಹಿಡಿಯಲಿಲ್ಲ.

ಒಂದು ಮಧ್ಯಾಹ್ನ ವಿಶ್ವವಿದ್ಯಾಲಯದ ಹಳೆಯ ಕಟ್ಟಡಕ್ಕೆ ಕರೆದೊಯ್ದರು. 1218ರಲ್ಲಿ ಶುರುವಾದ ಸಂಸ್ಥೆ. ಮುಂಗೋಡೆಯ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕೂತ ಕಪ್ಪೆಯನ್ನು ಪತ್ತೆಹಚ್ಚಿದವರು ಪರೀಕ್ಷೆಯಲ್ಲಿ ಪಾಸು ಎಂಬ ಪ್ರತೀತಿ. ಪ್ರವಾಸಿಗರೆಲ್ಲ ಕತ್ತೆತ್ತಿ ನಿಂತಿದ್ದರು. ಒಳಗೆ, ಒರಟು ಮರದ ದಿಮ್ಮಿಗಳೇ ಬೆಂಚುಗಳಾಗಿರುವ ಫ್ರಾಯ್ ಲೂಯಿಸ್ ದೆ ಲಿಯೋನ್ ಅವರ ಪಾಠದ ಕೋಣೆಯಿದೆ. ಬೈಬಲ್ಲಿನ ಪರಮಗೀತೆಯನ್ನು ಜನರ ಭಾಷೆಗೆ ತಂದದ್ದೂ ಸೇರಿದಂತೆ ಹಲವು ಆರೋಪ ಹೊರಿಸಿ ಧಾರ್ಮಿಕ ನ್ಯಾಯಮಂಡಳಿ ಅವರನ್ನು 1572ರಿಂದ 1576ರವರೆಗೆ ಸೆರೆಯಲ್ಲಿಟ್ಟಿತ್ತು. ಬಿಡುಗಡೆಯಾಗಿ ಬಂದವರು ‘ನಿನ್ನೆ ಹೇಳುತ್ತಿದ್ದಂತೆ’ ಎಂದು ಪಾಠ ಮುಂದುವರಿಸಿದರಂತೆ. ಮಾತು ಬರಹಕ್ಕೆ ಬಂದದ್ದು ದಶಕಗಳಾದ ಮೇಲೆ, ಹಾಗಾಗಿ ಕಥೆಯೇ ಇರಬೇಕು. ಭಾಷೆಯನ್ನು ಬಿಟ್ಟು ಮರಳುವ ನಮ್ಮಂಥವರಿಗೆ ಈ ಕಥೆ ತುಂಬ ಹಿತ. ಆದರೆ ಫ್ರಾಯ್ ಲೂಯಿಸ್ ಸೆರೆಯಲ್ಲಿ ಸುಮ್ಮನಿರಲಿಲ್ಲ, ಬರೆಯುತ್ತಿದ್ದರು; ಸ್ಪ್ಯಾನಿಷ್ ಗದ್ಯದ ಮುಖ್ಯ ಕೃತಿಗಳಲ್ಲಿ ಒಂದನ್ನು ಅಲ್ಲೇ ಆರಂಭಿಸಿದರು. ಅವರಿಗೆ ತುಕ್ಕು ಹಿಡಿದದ್ದಾದರೂ ಯಾವಾಗ?

ಸಿ1 ಏಕೆ ಬೇಕು ಎಂಬ ಪ್ರಶ್ನೆಗೆ ತರಗತಿಯಲ್ಲಿ ಉತ್ತರಗಳು ಹಲವು. ಕೆಲವರಿಗೆ ಡೆಲೆ ಪ್ರಮಾಣಪತ್ರ ಬೇಕು. ಸೆರ್ವಾಂತೆಸ್ ಸಂಸ್ಥೆ ನಡೆಸುವ ಈ ಪರೀಕ್ಷೆಯ ಸಿ1 ಹಂತದಲ್ಲಿ ಉಪನ್ಯಾಸ ಕೇಳಿ, ಟಿಪ್ಪಣಿ ಮಾಡಿಕೊಂಡು, ಅದರ ಮೇಲೆ ವಾದ ಕಟ್ಟಿ ಬರೆಯಬೇಕು. ಪ್ರಮಾಣಪತ್ರ ಜೀವಮಾನವಿಡೀ ಊರ್ಜಿತ. ಭಾಷೆಗೆ ತುಕ್ಕು ಹಿಡಿದರೂ ಕಾಗದಕ್ಕೆ ಹಿಡಿಯದು. ನರ್ಸಿಗೆ ಕಾಗದ ಬೇಡ. ಮೊಮ್ಮಗನ ಅತ್ತೆ ಮೆಕ್ಸಿಕೊದವರು. ಅಡುಗೆಮನೆಯಲ್ಲಿ ಅವರ ಜೊತೆ ಸರಿಸಮವಾಗಿ ಜಗಳವಾಡುವಷ್ಟು ಭಾಷೆ ಬೇಕು, ಅಷ್ಟೇ. ಜಗಳಕ್ಕೆ ಸಿ1 ಕಡಿಮೆಯೇ ಆದೀತು ಎಂದರು ಮೇಡಂ.

ನನಗೆ ಕೊಟ್ಟ ಮನೆಗೆಲಸ ಹೀಗಿದೆ. 2011ರಲ್ಲಿ ಶುರುವಾದ ‘ರಾದಿಯೊ ಆಂಬುಲಾಂತೆ’ ಎಂಬ ಪಾಡ್‌ಕಾಸ್ಟ್, ಲ್ಯಾಟಿನ್ ಅಮೆರಿಕದ ನಿಜ ಪ್ರಸಂಗಗಳನ್ನು ಹೇಳುತ್ತದೆ. ಒಂದು ಕಂತು ಕೇಳಬೇಕು. ಅದನ್ನು ಬದಿಗಿಟ್ಟು, ಕಥೆಯನ್ನು ಫೋನಿಗೆ ಹೇಳಿ ರೆಕಾರ್ಡ್ ಮಾಡಬೇಕು. ನಂತರ ನನ್ನದೇ ಮಾತನ್ನು ತೊದಲು ಸಹಿತ ಅಕ್ಷರಕ್ಕಿಳಿಸಬೇಕು. ಮೇಡಂ ತಪ್ಪುಗಳಿಗಿಂತ ಹೆಚ್ಚಾಗಿ ನಾನು ಸುತ್ತುಬಳಸಿ ನಡೆದ ಜಾಗಗಳಿಗೆ ಗೆರೆ ಎಳೆಯುತ್ತಾರೆ. ಅಲ್ಲಿ ಏನು ಹೇಳಬೇಕಿತ್ತೋ ಅದನ್ನು ಬರೆದು, ಕೆಲವು ವಾರ ಬಿಟ್ಟು ಅದೇ ಕಥೆಯನ್ನು ಮತ್ತೆ ಹೇಳಬೇಕು. ಪಾಠ ಈಗ ವೀಡಿಯೊ ಕರೆಯಲ್ಲಿ ನಡೆಯುತ್ತಿದೆ. ಹೊಸ ರೆಕಾರ್ಡಿಂಗಿನಲ್ಲಿ ‘ಸೆಪಾ’ಗಳು ಸಾಕಷ್ಟು ಬಂದಿವೆ, ಮಾತು ಮಾತ್ರ ಮೊದಲಿಗಿಂತ ನಿಧಾನವಾಗಿದೆ. ಮೇಡಂ ಇದನ್ನು ಒಳ್ಳೆಯ ಲಕ್ಷಣ ಎನ್ನುತ್ತಾರೆ. ನನಗೆ ಪೂರ್ತಿ ನಂಬಿಕೆ ಬಂದಿಲ್ಲ.